ತಾಳೆ ತೋಟದಲ್ಲಿ ಈ ವರ್ಷ ಬರೀ ಗಂಡು ಹೊಂಬಾಳೆ: ಕಡೀಬೇಕಾ, ಕಾಯಬೇಕಾ?

ನಾಲೆ ಬದಿ, ಭದ್ರಾವತಿ
ಎಲ್ಲರಿಗೂ ನಮಸ್ಕಾರ. ಭದ್ರಾ ನಾಲೆ ಪಕ್ಕ ನನ್ನದು ನಾಲ್ಕು ಎಕರೆ ಎಣ್ಣೆ ತಾಳೆ. 2017ರ ಮುಂಗಾರಲ್ಲಿ ನೆಟ್ಟಿದ್ದು, ಒಂಬತ್ತು ಮೀಟರ್ ತ್ರಿಕೋನ ಪದ್ಧತಿ, ಎಕರೆಗೆ 57 ಗಿಡ. ಹೋದ ವರ್ಷದ ತನಕ ಗೊನೆಗೆ ಮೋಸ ಇರಲಿಲ್ಲ. ಈಗ ಎರಡು ಮೂರು ತಿಂಗಳಿಂದ ನೋಡ್ತಿದ್ದೀನಿ, ಹತ್ತು ಮರಕ್ಕೆ ಏಳೆಂಟರಲ್ಲಿ ಗಂಡು ಹೊಂಬಾಳೆಯೇ ಬರ್ತಿದೆ. ಒಂದೆರಡು ಮರದಲ್ಲಂತೂ ಒಂದೇ ಹೊಂಬಾಳೆಯಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು.

ಪಕ್ಕದ ತೋಟದ ಹಿರಿಯರು ಬಂದು ನೋಡಿದವರೇ, "ನಿನಗೆ ಕೊಟ್ಟಿರೋದೇ ಗಂಡು ಸಸಿ ಕಣಪ್ಪ, ಕಡಿದು ಹಾಕು. ನನ್ನ ಮರದಡಿ ಹಣ್ಣು ಉದುರಿ ಎದ್ದಿರೋ ಸಸಿ ಬೇಕಾದಷ್ಟಿವೆ, ಒಳ್ಳೇ ಮರದ್ದು. ಕಿತ್ಕೊಂಡು ಹೋಗು, ದುಡ್ಡೂ ಬೇಡ" ಅಂದ್ರು. ಅವರ ಮರ ನಿಜವಾಗಲೂ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಎಂಟು ವರ್ಷ ಸಾಕಿದ ಮರಕ್ಕೆ ಕೊಡಲಿ ಹಾಕೋಕೆ ಮನಸ್ಸು ಬರ್ತಿಲ್ಲ. ತಿಳಿದವರು ಹೇಳಿ.

ಪುತ್ತೂರು ಅಡಿಕೆ
ಗಂಡು ಮರ ಹೆಣ್ಣು ಮರ ಅಂತ ಬೇರೆ ಬೇರೆ ಇರುವುದು ಈಚಲಿಗೆ, ಪನೆಗೆ (ತಾಟಿನಿಂಗಿನ ಮರ), ಹಿಂದಿನ ಪಪ್ಪಾಯಿಗೆ. ನಮ್ಮ ಅಡಿಕೆಯಲ್ಲಿ ಒಂದೇ ಸಿಂಗಾರದಲ್ಲಿ ಎರಡೂ ಉಂಟು. ತಾಳೆ ಅಂದರೆ ನಮ್ಮಲ್ಲಿ ಪನೆ ಮರವೇ ಅಲ್ಲವಾ ಮಾರಾಯ್ರೆ? ಹಾಗಾದರೆ ನಿಮ್ಮ ಹಿರಿಯರು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಗಂಗಾವತಿ ಗದ್ದೆ
ಅಣ್ಣಾರ, ಪನೆ ಬ್ಯಾರೆ, ಇದು ಬ್ಯಾರೆ. ಇಲಾಖೆಯವರು ಎರಡಕ್ಕೂ ತಾಳೆ ಅಂತ ಹೆಸರಿಟ್ಟು ಮಂದೀನ ದಾರಿ ತಪ್ಪಿಸ್ಯಾರ. ಇದು ಪಾಮಾಯಿಲ್ ಗಿಡ. ಕಡೀಬ್ಯಾಡ್ರೀ, ಒಟ್ಟ ಕಡೀಬ್ಯಾಡ್ರಿ. ನಮ್ಮಲ್ಲೂ ಒಂದು ವರ್ಷ ಹಿಂಗ ಆಗಿತ್ತು, ಮುಂದ ತಾನ ಸರಿ ಹೋತು. ಯಾಕ ಆತು ಅಂತ ಕೇಳಿದ್ರ ನನಗ ಹೇಳಾಕ ಬರೂದಿಲ್ಲ.

ತಳಿ ಪಾಠ
ನಾನು ಕೃಷಿ ಕಾಲೇಜಿನಲ್ಲಿ ಸಸ್ಯತಳಿ ವಿಷಯ ಹೇಳಿಕೊಡುತ್ತಿದ್ದವಳು, ಈಗ ನಿವೃತ್ತಿ. ಗಂಗಾವತಿಯವರು ಹೇಳಿದ್ದೇ ಸರಿ. ಯಾಕೆ ಅನ್ನುವುದನ್ನು ನಾನು ಹೇಳುತ್ತೇನೆ.

ಎಣ್ಣೆ ತಾಳೆಯಲ್ಲಿ ಗಂಡು ಮರ, ಹೆಣ್ಣು ಮರ ಅಂತ ಇಲ್ಲ. ಎಲ್ಲ ಮರವೂ ಎರಡೂ. ಆದರೆ ಎರಡನ್ನೂ ಒಟ್ಟಿಗೆ ಬಿಡುವುದಿಲ್ಲ. ಕೆಲವು ತಿಂಗಳು ಸಾಲಾಗಿ ಹೆಣ್ಣು, ಆಮೇಲೆ ಕೆಲವು ತಿಂಗಳು ಸಾಲಾಗಿ ಗಂಡು. ಸರದಿ ಬದಲಾಗುವ ಹೊತ್ತಿನಲ್ಲಿ ನೀವು ಹೇಳಿದಂಥ ಅರ್ಧ ಗಂಡು ಅರ್ಧ ಹೆಣ್ಣಿನ ಹೊಂಬಾಳೆ ಬರುವುದುಂಟು, ಅದು ರೋಗವಲ್ಲ. ಹೀಗೆ ಸರದಿ ಹಾಕಿಕೊಂಡಿದ್ದರಿಂದ ಒಂದು ಮರದ ಪರಾಗದ ಪುಡಿ ಅದೇ ಮರದ ಹೆಣ್ಣು ಹೂವಿಗೆ ಬೀಳುವುದು ಅಪರೂಪ. ಪಕ್ಕದ ಮರದ ಪುಡಿಯೇ ಬೇಕು. ಸ್ವಂತ ಸಂಬಂಧ ತಪ್ಪಿಸಲು ಮರ ಕಂಡುಕೊಂಡ ಉಪಾಯ ಇದು.

ಈಗ ನಿಮ್ಮ ಪ್ರಶ್ನೆ. ಪ್ರತಿ ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ ಇರುತ್ತದೆ. ಅದು ಹೊರಗೆ ಕಾಣುವ ಹೊತ್ತಿಗೆ ಅದರ ಹಣೆಬರಹ ಬರೆದು ಹೆಚ್ಚುಕಡಿಮೆ ಎರಡು ವರ್ಷ ಆಗಿರುತ್ತದೆ. ಗಂಡೋ ಹೆಣ್ಣೋ ಅನ್ನುವುದು ಅರಳುವುದಕ್ಕೆ ಇಪ್ಪತ್ತು ತಿಂಗಳಿಂದ ಎರಡು ವರ್ಷ ಮೊದಲೇ, ಮರದ ಸುಳಿಯೊಳಗೆ ತೀರ್ಮಾನ ಆಗಿಬಿಡುತ್ತದೆ. ಆ ಹೊತ್ತಿಗೆ ನೀರಿಗೆ ತತ್ವಾರ ಆದರೆ, ಗರಿ ಜಾಸ್ತಿ ಕಡಿದರೆ, ಇಲ್ಲವೇ ಹಿಂದಿನ ಫಸಲು ಮರದ ಶಕ್ತಿಗೆ ಮೀರಿ ಬಂದಿದ್ದರೆ, ಮರ ಗಂಡಿನ ಕಡೆ ವಾಲುತ್ತದೆ. ಗೊನೆ ಸಾಕುವುದು ಖರ್ಚಿನ ಬಾಬತ್ತು, ಪುಡಿ ಉದುರಿಸುವುದು ಅಗ್ಗ. ಈಗ 2025ರ ಆಗಸ್ಟ್. ಎರಡು ವರ್ಷ ಹಿಂದೆ ಎಣಿಸಿ, ಯಾವ ಕಾಲ ಅದು?

ನಾಲೆ ಬದಿ, ಭದ್ರಾವತಿ
ಮೇಡಂ, 2023! ಆ ಆಗಸ್ಟಲ್ಲಿ ಒಂದು ಹನಿ ಮಳೆ ಇರಲಿಲ್ಲ. ನಾಲೆಯಲ್ಲಿ ನೀರು ಬಿಟ್ಟು ಬಿಟ್ಟು ಹರಿಸ್ತಿದ್ರು, ನನ್ನ ಬೋರ್ ಬೇರೆ ಕೈ ಕೊಟ್ಟಿತ್ತು. ಹುಲ್ಲಿಲ್ಲ ಅಂತ ಹಸುಗಳಿಗೆ ತಾಳೆ ಗರಿ ಕಡಿದು ಹಾಕಿದ್ದೂ ಆಗಲೇ. ಹಸಿರು ಗರಿಯನ್ನೇ ಕಡಿದೆ, ಸುಳ್ಳು ಹೇಳೋದೇನು.

ತಳಿ ಪಾಠ
ಹಾಗಾದರೆ ಉತ್ತರ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಮರದ ಮೇಲೆ ನಲವತ್ತು ಗರಿಯಾದರೂ ಉಳಿಯಬೇಕು. ಒಣಗಿದ್ದು, ಗೊನೆ ಕೊಯ್ಯಲು ಅಡ್ಡ ಬರುವುದು ಇಷ್ಟನ್ನೇ ತೆಗೆಯಿರಿ. ಮರ ಕಡಿಯುವ ಮಾತು ಬಿಡಿ.

ಎಣ್ಣೆ ಬೇಡ
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಬೇಸಿಗೆಯಲ್ಲಿ ಒಂದು ಮರಕ್ಕೆ ದಿನಕ್ಕೆ 150ರಿಂದ 200 ಲೀಟರ್ ನೀರು ಕೇಳೋ ಬೆಳೆಯನ್ನ ಬರ ಬರೋ ತಾಲೂಕುಗಳಲ್ಲಿ ನೆಡಿಸಿ, ಈಗ ಗಂಡು ಬಂತು ಹೆಣ್ಣು ಬಂತು ಅಂತ ಲೆಕ್ಕ ಹಾಕ್ತಿದ್ದೀವಿ. ಇದು ಆಫ್ರಿಕದ ಮಳೆಕಾಡಿನ ಮರ. 2021ರಲ್ಲಿ ಕೇಂದ್ರದ ತಾಳೆ ಎಣ್ಣೆ ಮಿಷನ್ ಬಂದಾಗ 11,040 ಕೋಟಿ ಅಂದ್ರು, ಹತ್ತು ಲಕ್ಷ ಹೆಕ್ಟೇರ್ ಗುರಿ ಅಂದ್ರು. ನೀರು ಎಲ್ಲಿಂದ ಅಂತ ಯಾರೂ ಹೇಳಲಿಲ್ಲ.

ಗಂಗಾವತಿ ಗದ್ದೆ
ನೀವು ಹೇಳೂದು ಖರೆ ಐತಿ. ಆದ್ರ ಭತ್ತಕ್ಕ ನಾವು ಸುರಿಯೂ ನೀರಿನ ಲೆಕ್ಕಾನೂ ಒಮ್ಮಿ ಹಾಕ್ರಿ. ಆ ಜಗಳಕ್ಕ ಬ್ಯಾರೆ ಎಳಿ ತಗೀರಿ, ಇಲ್ಲಿ ಇವರ ಹೊಂಬಾಳಿ ಮಾತು ಮುಗೀಲಿ.

ಪುತ್ತೂರು ಅಡಿಕೆ
ಪನೆ ಅಂದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮರದಡಿಯ ಸಸಿ ನೆಟ್ಟರೆ ಏನು ತೊಂದರೆ? ನಮ್ಮ ಅಜ್ಜನ ಕಾಲದಿಂದ ನಾವು ಮಾಡುವುದು ಅದನ್ನೇ. ತೋಟ ಸುತ್ತಿ, ಪ್ರಾಯದ, ವರ್ಷ ವರ್ಷ ಬಿಡುವ, ಗಣ್ಣು ಹತ್ತಿರ ಹತ್ತಿರ ಇರುವ ತಾಯಿ ಮರ ನೋಡಿ, ಅದರ ಗೋಟು ಆರಿಸಿ ಪಾತಿಗೆ ಹಾಕುತ್ತೇವೆ. ತೆಂಗಿಗೂ ಅಷ್ಟೇ. ಸಸಿಗಾಗಿ ಕಂಪನಿಯವರ ಬಾಗಿಲು ಕಾಯುವುದು ಯಾತಕ್ಕೆ?

ಹುಣಸೂರು ರಸ್ತೆ
ಆ ತೊಂದರೆ ಏನು ಅಂತ ನಾನು ಹೇಳ್ತೀನಿ ಸರ್, ಅನುಭವಿಸಿದವನು. 2014ರಲ್ಲಿ ಒಂದೂವರೆ ಎಕರೆಗೆ ಯಾರೋ ಒಬ್ಬರು ಕಡಿಮೆ ಬೆಲೆಗೆ ತಂದುಕೊಟ್ಟ ಸಸಿ ಹಾಕಿದೆ. ಒಳ್ಳೇ ತೋಟದ ಮರದ ಬೀಜ ಅಂದಿದ್ರು, ಅದು ಸುಳ್ಳೂ ಅಲ್ಲ. ನಾಲ್ಕನೇ ವರ್ಷ ಕೆಲವು ಮರ ಚೆನ್ನಾಗೇ ಕಚ್ಚಿದವು. ಕೆಲವು ಕಚ್ಚಿದವು, ಆದರೆ ಹಣ್ಣು ಕುಯ್ದರೆ ಒಳಗೆ ಬರೀ ಕರಟ, ಮೇಲೆ ತೆಳ್ಳನೆ ತಿರುಳು. ಇನ್ನು ಕೆಲವು ಮರ ನೋಡಬೇಕಿತ್ತು ನೀವು, ಆನೆ ಥರ ಬೆಳೆದವು. ಗರಿ ಅಂದ್ರೆ ಗರಿ, ಕಾಂಡ ಅಂದ್ರೆ ಕಾಂಡ. ಹೆಣ್ಣು ಹೊಂಬಾಳೆ ಸಾಲಾಗಿ ಬರೋದು, ಎಳೇದರಲ್ಲೇ ಕೊಳೆತು ಕಪ್ಪಾಗಿ ನಿಲ್ಲೋದು. ಒಂದು ಗೊನೆ ಹಣ್ಣಾಗಲಿಲ್ಲ. ಗೊಬ್ಬರ ಸಾಲದೇನೋ ಅಂತ ಬೋರಾನ್ ಹಾಕಿದೆ, ಪೊಟ್ಯಾಷ್ ಹಾಕಿದೆ. ಮೂರು ವರ್ಷ ಆ ಮರಗಳ ಸೇವೆ ಮಾಡಿದ್ದೇ ಬಂತು. ಕೊನೆಗೆ ತೋಟ ನೋಡೋಕೆ ಬಂದ ವಿಜ್ಞಾನಿಯೊಬ್ಬರು ದೂರದಿಂದ ನೋಡಿಯೇ "ಇದು ಪಿಸಿಫೆರಾ, ಇದು ಹಣ್ಣು ಕೊಡಲ್ಲ" ಅಂದ್ರು.

ತಳಿ ಪಾಠ
ಹುಣಸೂರಿನವರು ಅನುಭವದಲ್ಲಿ ಕಲಿತದ್ದನ್ನು ನಾನು ಕರಿಹಲಗೆ ಮೇಲೆ ಕಲಿಸುತ್ತಿದ್ದೆ.

ಈ ಹಣ್ಣಿನಲ್ಲಿ ಮೂರು ಜಾತಿ. ಡ್ಯೂರಾಕ್ಕೆ ದಪ್ಪ ಕರಟ. ಪಿಸಿಫೆರಾಕ್ಕೆ ಕರಟವೇ ಇಲ್ಲ, ಮತ್ತು ಸಾಮಾನ್ಯವಾಗಿ ಅದರ ಹೆಣ್ಣು ಹೂವು ಬಂಜೆ, ಗೊನೆ ಎಳೆಯದರಲ್ಲೇ ಕೊಳೆಯುತ್ತದೆ. ಟೆನೆರಾಕ್ಕೆ ತೆಳು ಕರಟ, ದಪ್ಪ ತಿರುಳು, ಕರಟದ ಸುತ್ತ ಕಪ್ಪು ನಾರಿನ ಉಂಗುರ. ನಮ್ಮೆಲ್ಲರ ತೋಟದಲ್ಲಿ ಇರುವುದು, ಇರಬೇಕಾದದ್ದು ಟೆನೆರಾ. ಡ್ಯೂರಾಕ್ಕಿಂತ ಶೇಕಡ 30ರಷ್ಟು ಹೆಚ್ಚು ಎಣ್ಣೆ ಅದರಲ್ಲಿ.

ಬಹಳ ವರ್ಷ ಟೆನೆರಾ ಒಂದು ಪ್ರತ್ಯೇಕ ತಳಿ ಅಂತಲೇ ಜನ ನಂಬಿದ್ದರು. ಬೆಲ್ಜಿಯಂ ಆಳುತ್ತಿದ್ದ ಕಾಂಗೋದ ಯಂಗಾಂಬಿ ಕೇಂದ್ರದಲ್ಲಿ ಟೆನೆರಾಕ್ಕೆ ಟೆನೆರಾ ಕೂಡಿಸಿ ಬೀಜ ಮಾಡಿ ನೆಟ್ಟರೆ, ಪ್ರತಿ ಸಲ ಕಾಲು ಭಾಗ ದಪ್ಪ ಕರಟದವು, ಕಾಲು ಭಾಗ ಬಂಜೆ. 1941ರಲ್ಲಿ ಬೇರ್ನಾರ್ಟ್, ವಾಂಡರ್ವೇಯನ್ ಎಂಬ ಇಬ್ಬರು ಇದರ ಗುಟ್ಟು ಬಿಡಿಸಿದರು. ಕರಟದ ದಪ್ಪ ಒಂದೇ ಒಂದು ಜೀನಿನ ಆಟ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದಲ್ಲ, ಎರಡೂ ಕರಟದ್ದಾದರೆ ಡ್ಯೂರಾ, ಎರಡೂ ಕರಟವಿಲ್ಲದ್ದಾದರೆ ಪಿಸಿಫೆರಾ, ಒಂದೊಂದು ಸೇರಿದರೆ ಟೆನೆರಾ. ಅಂದರೆ ಟೆನೆರಾ ತಳಿಯೇ ಅಲ್ಲ, ಒಂದು ಮದುವೆಯ ಫಲ. ಡ್ಯೂರಾ ತಾಯಿ, ಪಿಸಿಫೆರಾ ತಂದೆ ಆದರೆ ಮಕ್ಕಳೆಲ್ಲ ಟೆನೆರಾ, ಒಂದೂ ತಪ್ಪುವುದಿಲ್ಲ. ಆ ಜೀನ್ ಯಾವುದು ಅಂತ ಮಲೇಷ್ಯಾದ ತಾಳೆ ಎಣ್ಣೆ ಮಂಡಳಿಯವರೂ ಅಮೆರಿಕದವರೂ ಸೇರಿ 2013ರಲ್ಲಿ ಗುರುತಿಸಿದರು. ಈಗ ಸಸಿಯ ಎಲೆ ಚೂರಿನಿಂದಲೇ ಮೂರರಲ್ಲಿ ಯಾವುದು ಅಂತ ಪರೀಕ್ಷೆ ಮಾಡಬಹುದು.

ಪುತ್ತೂರಿನವರೇ, ಈಗ ನಿಮ್ಮ ಪ್ರಶ್ನೆಗೆ. ಭದ್ರಾವತಿಯ ಆ ಹಿರಿಯರ ಮರ ಟೆನೆರಾ. ಸುತ್ತಲಿನ ಮರವೂ ಟೆನೆರಾ. ಉದುರಿದ ಹಣ್ಣಿಂದ ಎದ್ದ 57 ಸಸಿ ಒಂದು ಎಕರೆಗೆ ನೆಟ್ಟರೆ ಸುಮಾರು 14 ದಪ್ಪ ಕರಟದವು, 14 ಬಂಜೆ, ಉಳಿದ ಅರ್ಧ ಮಾತ್ರ ಸರಿ. ಅದೂ ಗೊತ್ತಾಗುವುದು ನಾಲ್ಕು ವರ್ಷದ ಮೇಲೆ. ಅಡಿಕೆಯಲ್ಲಿ ನಿಮ್ಮ ಅಜ್ಜ ಮಾಡಿದ್ದು ಸರಿ, ಯಾಕೆಂದರೆ ಅಲ್ಲಿ ತಾಯಿ ಮರ ಮಿಶ್ರ ಸಂತಾನ ಅಲ್ಲ. ತೆಂಗಿನಲ್ಲೂ ಚಂದ್ರಶಂಕರದಂಥ ಹೈಬ್ರಿಡ್ ಮರದ ಕಾಯಿ ಬೀಜಕ್ಕೆ ಇಡಬೇಡಿ ಅನ್ನುತ್ತೇವಲ್ಲ, ಅದೇ ನಿಯಮ ಇಲ್ಲಿ. ತಾಯಿ ಮರ ಎಷ್ಟು ಚಂದ ಇದ್ದರೂ ಬೀಜ ಮಾತು ಕೇಳುವುದಿಲ್ಲ.

ಪುತ್ತೂರು ಅಡಿಕೆ
ಅರ್ಥ ಆಯಿತು. ಹಾಗಾದರೆ ಬೀಜದ ತೋಟದಲ್ಲಿ ಆ ಬಂಜೆ ಮರವನ್ನು ತಂದೆಯಾಗಿ ಸಾಕುತ್ತಾರೆ ಅಂತಾಯಿತು. ಹಣ್ಣು ಕೊಡದ ಮರಕ್ಕೆ ಅತಿ ಹೆಚ್ಚು ಮರ್ಯಾದೆ!

ಹುಣಸೂರು ರಸ್ತೆ
ಹೌದು ಸರ್. ಎಚ್.ಡಿ. ಕೋಟೆ ಕಡೆ ತಾರಕದಲ್ಲಿ ತೋಟಗಾರಿಕೆ ಇಲಾಖೆಯ ತಾಳೆ ಬೀಜದ ತೋಟ ಇದೆ, ನನ್ನ ಕಥೆ ಆದಮೇಲೆ ಹೋಗಿ ನೋಡಿ ಬಂದೆ. ಹೆಣ್ಣು ಹೊಂಬಾಳೆ ಅರಳೋಕೆ ಒಂದು ವಾರ ಮುಂಚೆನೇ ಚೀಲ ಕಟ್ತಾರೆ. ಒಂದು ಹುಳ ನುಗ್ಗಬಾರದು, ಗಾಳಿಯಲ್ಲಿ ಬರೋ ಪುಡಿ ತಾಕಬಾರದು. ಅರಳಿದಾಗ ಪಿಸಿಫೆರಾ ಪುಡಿ ಒಳಗೆ ಊದಿ ಮತ್ತೆ ಕಟ್ಟಿಡ್ತಾರೆ. ಹಣ್ಣಾಗೋಕೆ ಐದಾರು ತಿಂಗಳು. ಆಮೇಲೂ ಬೀಜ ಸುಮ್ನೆ ಮೊಳೆಯಲ್ಲ, ಸುಮಾರು 40 ಡಿಗ್ರಿ ಬಿಸಿಯಲ್ಲಿ ಎರಡು ತಿಂಗಳ ಹತ್ತಿರ ಇಟ್ಟು ನಿದ್ದೆ ಬಿಡಿಸಬೇಕು. ಆಮೇಲೆ ನರ್ಸರಿಯಲ್ಲಿ ಒಂದು ವರ್ಷ. ಸಸಿ ರೇಟು ಜಾಸ್ತಿ ಅಂತ ನಾನೇ ಬೈಕೊಂಡು ತಿರುಗಿದವನು, ಅದನ್ನೆಲ್ಲ ನೋಡಿದ ಮೇಲೆ ಬಾಯಿ ಮುಚ್ಕೊಂಡೆ.

ಲಾಗೋಸ್ ಕನ್ನಡಿಗ
ನೈಜೀರಿಯಾದಿಂದ ಓದ್ತಿದ್ದೀನಿ. ಹುಟ್ಟೂರು ತುಮಕೂರು, ಕೆಲಸ ಇಲ್ಲಿ. ನೀವೆಲ್ಲ ಬೇಡ ಅಂತ ಬೈತಿರೋ ಡ್ಯೂರಾ ಇದೆಯಲ್ಲ, ಇಲ್ಲಿ ಊರ ಸುತ್ತ ತಾನಾಗೇ ಬೆಳೆದಿರೋ ಮರಗಳಲ್ಲಿ ಬಹುಪಾಲು ಅದೇ. ಯಾರೂ ನೆಟ್ಟಿದ್ದಲ್ಲ. ಕಾಡು ಕಡಿದು ಗೆಣಸು, ಮರಗೆಣಸು ಬೆಳೆಯೋವಾಗ ಈ ಮರ ಮಾತ್ರ ಬಿಟ್ಟಿರ್ತಾರೆ. ಡೆಲ್ಟಾ ಕಡೆ ಇದರ ಹಣ್ಣು ಜಜ್ಜಿ, ಹಿಂಡಿದ ರಸದಲ್ಲಿ ಬಂಗಾ ಅಂತ ಸಾರು ಮಾಡ್ತಾರೆ, ನಮ್ಮ ಕೆಂಪು ಖಾರದ ಸಾರಿನ ಬಣ್ಣ.

ಇನ್ನೊಂದು ತಮಾಷೆ. ಭದ್ರಾವತಿ ಅಣ್ಣ ಗಂಡು ಹೊಂಬಾಳೆ ಬಂತು ಅಂತ ಅಳ್ತಿದ್ದಾರೆ. ಇಲ್ಲಿ ಹಗ್ಗದ ಬಳೆ ಸೊಂಟಕ್ಕೆ ಹಾಕ್ಕೊಂಡು ಮರ ಹತ್ತೋರು ಹುಡುಕೋದೇ ಎಳೇ ಗಂಡು ಹೊಂಬಾಳೆ. ಅದರ ಬುಡ ಕೆತ್ತಿ ಕಳ್ಳು ಇಳಿಸ್ತಾರೆ.

ಗಂಗಾವತಿ ಗದ್ದೆ
ಅಣ್ಣಾ, ಇದನ್ನ ಭದ್ರಾವತಿಯವರಿಗೆ ಹೇಳಬಾರದಿತ್ತು.

ಲಾಗೋಸ್ ಕನ್ನಡಿಗ
ಹ್ಹ. ಇನ್ನೂ ಇದೆ. ಯೊರುಬಾ ಜನರ ಇಫಾ ಶಾಸ್ತ್ರ ಕೇಳೋದು 16 ತಾಳೆ ಬೀಜ ಹಿಡಿದು. ಗರಿಯ ಎಲೆಗಳು ಬಿಡಿಸಿಕೊಳ್ಳದೆ ಒಂದಕ್ಕೊಂದು ಅಂಟಿಕೊಂಡೇ ಇರೋ ಒಂದು ಬಗೆಯ ತಾಳೆ ಇದೆ, ಅದು ದೇವರ ಮರ, ಅದನ್ನ ಕಡಿಯಲ್ಲ. ಹಣ್ಣಿನ ಬಣ್ಣದಲ್ಲೂ ಬೇರೆ ಬೇರೆ. ಸಾಮಾನ್ಯದ್ದು ಎಳೇದರಲ್ಲಿ ಕಪ್ಪು, ಆಮೇಲೆ ಕೆಂಪು. ಇನ್ನೊಂದು ಎಳೇದರಲ್ಲಿ ಹಸಿರು, ಹಣ್ಣಾದಾಗ ಕಿತ್ತಳೆ. ಒಂದೇ ಹಳ್ಳಿಯಲ್ಲಿ ಕುಳ್ಳ, ಉದ್ದ, ಸಣ್ಣ ಗೊನೆ, ದೊಡ್ಡ ಗೊನೆ ಎಲ್ಲ ಸಿಗುತ್ತೆ.

ತಳಿ ಪಾಠ
ನಿಮ್ಮ ಮಾತು ಓದಿ ಖುಷಿಯಾಯಿತು, ಏಕೆಂದರೆ ನೀವು ನೋಡುತ್ತಿರುವುದೇ ಈ ಬೆಳೆಯ ನಿಜವಾದ ಆಸ್ತಿ. ತೋಟಗಳಲ್ಲಿ ಇರುವುದು ಅದರ ಒಂದು ಚೂರು.

1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನಕ್ಕೆ ನಾಲ್ಕು ತಾಳೆ ಸಸಿ ಬಂದವು. ಎರಡು ಆಮ್‌ಸ್ಟರ್‌ಡ್ಯಾಮ್‌ನಿಂದ, ಎರಡು ಹಿಂದೂ ಮಹಾಸಾಗರದ ಬೂರ್ಬೋನ್ ಅಥವಾ ಮಾರಿಷಸ್ ಕಡೆಯಿಂದ. ನೋಡಲಿಕ್ಕೆ ಚೆನ್ನಾಗಿದೆ ಅಂತ ನೆಟ್ಟದ್ದು. ಅವುಗಳ ಸಂತಾನ ಸುಮಾತ್ರಾದ ಡೆಲಿ ಪ್ರದೇಶಕ್ಕೆ ಹೋಗಿ ತಂಬಾಕು ಎಸ್ಟೇಟುಗಳ ರಸ್ತೆ ಬದಿಯಲ್ಲಿ ಸಾಲುಮರವಾಗಿ ನಿಂತವು. 1911ರಲ್ಲಿ ಬೆಲ್ಜಿಯಂನ ಆಡ್ರಿಯನ್ ಹಾಲೆ ಸುಮಾತ್ರಾದಲ್ಲಿ ಆ ಸಾಲುಮರದ ಬೀಜದಿಂದ ವ್ಯಾಪಾರದ ತೋಟ ಶುರು ಮಾಡಿದ. ಮಲಯಾದ ಸೆಲಂಗೋರಿನಲ್ಲಿ ಆಂರಿ ಫೋಕೋನಿಯೇ ಟೆನ್ನಮಾರಂ ಎಸ್ಟೇಟು ಮಾಡಿದ್ದು 1917ರಲ್ಲಿ. ಡೆಲಿಯ ಆ ಸಾಲುಮರದ ವಂಶಕ್ಕೆ ಡೆಲಿ ಡ್ಯೂರಾ ಅಂತ ಹೆಸರು. ಇವತ್ತು ಆಗ್ನೇಯ ಏಷ್ಯಾದಲ್ಲಿ ಲಕ್ಷಗಟ್ಟಲೆ ಹೆಕ್ಟೇರಿನಲ್ಲಿರುವ ಟೆನೆರಾ ಮರಗಳ ತಾಯಿ ಕಡೆಯ ವಂಶ ಬಹುಪಾಲು ಆ ನಾಲ್ಕು ಮರಕ್ಕೇ ಹೋಗಿ ಮುಟ್ಟುತ್ತದೆ. ತಂದೆಯ ಕಡೆಯೂ ಅಂಥ ದೊಡ್ಡ ಬಳಗವೇನಲ್ಲ. ಆವ್ರೋಸ್ ಅನ್ನುವ ಪ್ರಸಿದ್ಧ ಪಿಸಿಫೆರಾ ವಂಶದ ಮೂಲ ಕಾಂಗೋದ ಎಯಾಲಾ ಉದ್ಯಾನದಲ್ಲಿದ್ದ ಜೊಂಗೋ ಎಂಬ ಒಂದು ಮರ.

ಎಲ್ಲರೂ ಒಂದೇ ಮನೆಯ ಮೊಮ್ಮಕ್ಕಳಾದರೆ ಒಬ್ಬರಿಗೆ ಹಿಡಿಯುವ ಕಾಯಿಲೆ ಎಲ್ಲರಿಗೂ ಹಿಡಿಯುತ್ತದೆ. ನಮ್ಮ ತೆಂಗಿಗೆ ಅಣಬೆ ರೋಗ ತರುವ ಗ್ಯಾನೊಡರ್ಮಾ ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆಯ ಬುಡವನ್ನು ತಿನ್ನುತ್ತಿದೆ. ತಡೆಯುವ ಗುಣ ಬೇಕಾದರೆ ನಾಲ್ಕು ಮರದ ವಂಶದಲ್ಲಿ ಹುಡುಕಿ ಪ್ರಯೋಜನ ಕಡಿಮೆ, ಲಾಗೋಸಿನವರು ಹೇಳಿದ ಊರಾಚೆಯ ಮರಗಳಿಗೇ ಹೋಗಬೇಕು. 1973ರಲ್ಲಿ ಮಲೇಷ್ಯಾದವರು ಹೋದರು ಕೂಡ. ನೈಜೀರಿಯಾದ ಸಂಸ್ಥೆಯ ಜೊತೆ ಸೇರಿ 45 ಕಡೆಗಳಿಂದ 919 ಗೊನೆ ತಂದು, ಬೀಜ ಮಾಡಿ, ಜೊಹೋರ್‌ನ ಕ್ಲುವಾಂಗಿನಲ್ಲಿ ನೆಟ್ಟರು. ಕುಳ್ಳ ಮರಗಳು, ಎಣ್ಣೆ ಹೆಚ್ಚು ತೆಳುವಾಗಿರುವ ಮರಗಳು ಆ ರಾಶಿಯಿಂದಲೇ ಸಿಕ್ಕಿದ್ದು. ನಮ್ಮ ದೇಶದಲ್ಲಿ ಆಂಧ್ರದ ಪೆದವೇಗಿಯ ತಾಳೆ ಸಂಶೋಧನಾ ಸಂಸ್ಥೆಯಲ್ಲೂ ಗಿನಿ ಬಿಸ್ಸಾವ್, ಕ್ಯಾಮರೂನ್, ತಾಂಜಾನಿಯಾ, ಜಾಂಬಿಯಾದ ಮರಗಳಿವೆ.

ಎಣ್ಣೆ ಬೇಡ
ಮೇಡಂ, ಇದು ನನ್ನ ವಾದಕ್ಕೇ ಬಲ ಕೊಡ್ತು. ನಾಲ್ಕು ಮರದ ಮೇಲೆ ನಿಂತಿರೋ ಬೆಳೆ.

ತಳಿ ಪಾಠ
ಭಾಗಶಃ ಹೌದು. ನಾನು ಈ ಬೆಳೆಯ ವಕೀಲಳಲ್ಲ. ಆದರೆ ಒಂದು ಗಮನಿಸಿ: ಅಷ್ಟು ಕಡಿಮೆ ಬುಡದಿಂದ ಬಂದರೂ ಬೀಜದಿಂದ ಬೆಳೆದ ತೋಟದಲ್ಲಿ ಮರ ಮರಕ್ಕೂ ವ್ಯತ್ಯಾಸ ಇರುತ್ತದೆ. ಸಾಲಿನಲ್ಲಿ ನಿಂತು ನೋಡಿದರೆ ಯಾವ ರೈತರಿಗೂ ಅದು ಕಾಣುತ್ತದೆ.

ಗಂಗಾವತಿ ಗದ್ದೆ
ಹಂಗಾದ್ರ ಬೀಜದ ರಗಳೆನ ಬ್ಯಾಡ, ಬಾಳಿಗೆ ಮಾಡಿದಂಗ ಅಂಗಾಂಶ ಕೃಷಿ ಮಾಡಿ ಛಲೋ ಮರದ ಪಡಿಯಚ್ಚು ಕೊಡಬಾರದ? ಜಿ-9 ಬಾಳಿ ಹಾಕಿ ನಾವು ರೊಕ್ಕ ಮಾಡೀವಿ.

ತಳಿ ಪಾಠ
ಮಾಡಿದರು. 1970, 80ರ ದಶಕದಲ್ಲಿ ದೊಡ್ಡ ನಿರೀಕ್ಷೆ ಇತ್ತು. ಹೊಲಕ್ಕೆ ಹೋದ ಮೇಲೆ ಕೆಲವು ಮರಗಳ ಹಣ್ಣು ವಿಚಿತ್ರ: ಹಣ್ಣಿನ ಸುತ್ತ ಕೊಂಬಿನ ಹಾಗೆ ಹೆಚ್ಚುವರಿ ತಿರುಳಿನ ಎಸಳು, ಗೊನೆ ಉದುರುವುದು, ಎಣ್ಣೆ ಇಲ್ಲ. ತಾಯಿ ಮರದಲ್ಲಿ ಇಲ್ಲದ ದೋಷ, ಅದೂ ಅದೇ ತಳಿಗುಣ ಇಟ್ಟುಕೊಂಡೇ. ಕಾರಣ ಸಿಕ್ಕಿದ್ದು 2015ರಲ್ಲಿ. ಹೂವಿನ ಅಂಗ ರೂಪಿಸುವ ಒಂದು ಜೀನಿನ ನಡುವೆ ಹಳೆಯ ಕಾಲದಲ್ಲಿ ಬಂದು ಕೂತ ಒಂದು ಅಲೆಮಾರಿ ಡಿಎನ್‌ಎ ತುಂಡಿದೆ. ಮಾಮೂಲಿ ಮರದಲ್ಲಿ ಅದರ ಬಾಯಿಗೆ ರಾಸಾಯನಿಕ ಬೀಗ. ಪ್ರಯೋಗಾಲಯದ ಸೀಸೆಯಲ್ಲಿ ಬೆಳೆಯುವಾಗ ಕೆಲವು ಸಸಿಗಳಲ್ಲಿ ಆ ಬೀಗ ಕಳಚಿಹೋಗಿ ಹೂವು ಕೆಡುತ್ತದೆ. ಆ ಅಲೆಮಾರಿ ತುಂಡಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಕರ್ಮ. ನಾನು ಹೇಳುತ್ತಿಲ್ಲ, ಪ್ರಬಂಧದಲ್ಲೇ ಹಾಗಿದೆ. ಬೀಗ ಇದ್ದರೆ ಒಳ್ಳೆ ಕರ್ಮ, ಕಳಚಿದರೆ ಕೆಟ್ಟ ಕರ್ಮ.

ಹುಣಸೂರು ರಸ್ತೆ
ನನ್ನ ಕರ್ಮ ಅಂತ ಮೂರು ವರ್ಷ ಹಣೆ ಚಚ್ಕೊಂಡೆ ಮೇಡಂ, ಅದು ವಿಜ್ಞಾನ ಅಂತ ಗೊತ್ತಿರಲಿಲ್ಲ.

ಪುತ್ತೂರು ಅಡಿಕೆ
ಒಂದು ಸಣ್ಣ ಪ್ರಶ್ನೆ. ಹಿಂದೆ ಒಂದು ತಾಳೆ ತೋಟಕ್ಕೆ ಹೋಗಿದ್ದಾಗ ಬಡೆಸೋಪು ಹುರಿದ ಹಾಗೆ ಪರಿಮಳ. ಗಂಡು ಹೊಂಬಾಳೆಯ ಮೇಲೆ ಸಣ್ಣ ಹುಳ ಮುತ್ತಿತ್ತು. ತೋಟದವರು ಮದ್ದು ಹೊಡೆಯುವುದಿಲ್ಲ ಅಂದರು. ಅದೇಕೆ?

ತಳಿ ಪಾಠ
ಮದ್ದು ಹೊಡೆದರೆ ಗೊನೆಯೇ ಇಲ್ಲ! ಆ ಮೂರು ಮಿಲಿಮೀಟರಿನ ಮೂತಿಹುಳವೇ ಪುರೋಹಿತ. ಎಲೈಡೋಬಿಯಸ್ ಕ್ಯಾಮರೂನಿಕಸ್ ಅದರ ಹೆಸರು, ಹೆಸರಲ್ಲೇ ಊರೂ ಇದೆ. ಏಷ್ಯಾಕ್ಕೆ ಮರ ಬಂದಾಗ ಹುಳ ಆಫ್ರಿಕದಲ್ಲೇ ಉಳಿಯಿತು. ಗಾಳಿಯೇ ಪುಡಿ ಒಯ್ಯುತ್ತದೆ ಅಂತ ಎಲ್ಲರೂ ನಂಬಿದ್ದರು. ಮಲೇಷ್ಯಾದ ಎಸ್ಟೇಟುಗಳಲ್ಲಿ ಹೆಂಗಸರು ಪುಡಿಗೆ ಟಾಲ್ಕ್ ಬೆರೆಸಿ ಮರದಿಂದ ಮರಕ್ಕೆ ಊದಿಕೊಂಡು ತಿರುಗಬೇಕಿತ್ತು. ಪಾಕಿಸ್ತಾನದ ಕೀಟತಜ್ಞ ರಹಮಾನ್ ಸೈಯದ್ ಕ್ಯಾಮರೂನಿನಲ್ಲಿ ಕೂತು ಹುಳದ ಕೆಲಸ ನೋಡಿ, ಅದು ಬೇರೆ ಬೆಳೆ ಮುಟ್ಟುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ತಂದರು. 1981ರ ಫೆಬ್ರವರಿಯಲ್ಲಿ ಜೊಹೋರ್‌ನ ಕ್ಲುವಾಂಗ್ ಬಳಿ ಬಿಟ್ಟದ್ದು, ಬೇಗನೆ ದೇಶವೆಲ್ಲ ಹರಡಿತು. ಕೈಯಿಂದ ಊದುವ ಕೆಲಸ ನಿಂತೇಹೋಯಿತು. ನಮ್ಮಲ್ಲಿಗೆ 1985ರಲ್ಲಿ ಕೇರಳದ ಮೂಲಕ ಬಂತು.

ಹುಳದ ಸಂಸಾರವೆಲ್ಲ ಗಂಡು ಹೊಂಬಾಳೆಯಲ್ಲೇ. ಉದುರಿ ಮುಗಿದ ಗಂಡು ಹೂವಿನೊಳಗೆ ಮೊಟ್ಟೆ, ಮರಿ ತಿನ್ನುವುದೂ ಅದನ್ನೇ. ಹೆಣ್ಣು ಹೊಂಬಾಳೆ ಅರಳಿ ಎರಡು ಮೂರು ದಿನ ಅದೇ ಬಡೆಸೋಪಿನ ವಾಸನೆ ಬೀರುತ್ತದೆ. ಹುಳ ಮೋಸಹೋಗಿ ಬರುತ್ತದೆ, ತಿನ್ನಲು ಏನೂ ಸಿಗದೆ ಮೈಮೇಲಿನ ಪುಡಿ ಬಿಟ್ಟು ಹೋಗುತ್ತದೆ. ಆದ್ದರಿಂದ ಭದ್ರಾವತಿಯವರೇ, ಒಣಗಿದ ಗಂಡು ಹೊಂಬಾಳೆ ಕಿತ್ತು ಸುಡಬೇಡಿ.

ಲಾಗೋಸ್ ಕನ್ನಡಿಗ
ಅಮೆರಿಕದ ಕಡೆಯೂ ಒಂದು ತಾಳೆ ಇದೆಯಂತಲ್ಲ ಮೇಡಂ?

ತಳಿ ಪಾಠ
ಇದೆ, ಒಲಿಫೆರಾ. ಮಧ್ಯ ಅಮೆರಿಕ, ಕೊಲಂಬಿಯಾ, ಅಮೆಜಾನ್ ಕಡೆಯದು. ಎಣ್ಣೆ ಕಡಿಮೆ, ಬೆಳವಣಿಗೆ ನಿಧಾನ. ಎರಡಕ್ಕೂ ಅಟ್ಲಾಂಟಿಕ್ ಸಾಗರ ಅಡ್ಡ ಇದ್ದರೂ ಕೂಡಿಸಿದರೆ ಮಕ್ಕಳಾಗುತ್ತವೆ. ಕೊಲಂಬಿಯಾದ ತುಮಾಕೊದಲ್ಲಿ 2000ದ ದಶಕದ ಕೊನೆಗೆ ಸುಳಿ ಕೊಳೆ ಬಂದು ತೋಟಕ್ಕೆ ತೋಟವೇ ಹೋದಾಗ ಮತ್ತೆ ನೆಟ್ಟದ್ದು ಈ ಮಿಶ್ರ ತಳಿಯನ್ನೇ. ಒಂದೇ ಕಷ್ಟ, ಇದರ ಪುಡಿಗೆ ಶಕ್ತಿ ಸಾಲದು. ಅಲ್ಲಿ ಮತ್ತೆ ಜನ ಪುಡಿ ಊದಿಕೊಂಡು ತಿರುಗುತ್ತಿದ್ದಾರೆ.

ನಾಲೆ ಬದಿ, ಭದ್ರಾವತಿ
ಹತ್ತು ದಿನ ಆಯ್ತು, ವರದಿ ಒಪ್ಪಿಸ್ತೀನಿ. ಮೇಡಂ ಹೇಳಿದ ಮೇಲೆ ಚಾಕು ಹಿಡಿದು ಹೊರಟೆ. ಕಾಯಿದ್ದ ಇಪ್ಪತ್ತು ಮರದಿಂದ ಒಂದೊಂದು ಹಣ್ಣು ಕುಯ್ದು ಅಡ್ಡಡ್ಡ ಸೀಳಿದೆ. ಹತ್ತೊಂಬತ್ತರಲ್ಲಿ ತೆಳು ಕರಟ, ಸುತ್ತ ಕಪ್ಪು ಚುಕ್ಕೆಯ ಉಂಗುರ. ಒಂದರಲ್ಲಿ ಚಾಕು ನಿಂತೇಹೋಯ್ತು, ಕತ್ತಿ ತರಬೇಕಾಯ್ತು. ಉಂಗುರ ಇಲ್ಲ, ಬರೀ ಕರಟ. ಯಾವ ಮರ ಅಂತೀರಾ? ತೋಟಕ್ಕೆ ಬಂದೋರಿಗೆಲ್ಲ ನಾನು ಹೆಮ್ಮೆಯಿಂದ ತೋರಿಸ್ತಿದ್ದ ಮರ! ಅದರ ಗೊನೆಯೇ ಎಲ್ಲಕ್ಕಿಂತ ಭಾರ. ಇಷ್ಟು ವರ್ಷ ಕರಟ ತೂಗಿದ್ದೀನಿ.

ಪಕ್ಕದ ಹಿರಿಯರ ಮುಂದೆ ಎರಡೂ ಹಣ್ಣು ಸೀಳಿಟ್ಟು, ಅವರ ಮರದ ಹಣ್ಣನ್ನೂ ಸೀಳಿ, ಕಾಲು, ಅರ್ಧ, ಕಾಲು ಲೆಕ್ಕ ಹೇಳಿದೆ. ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ "ಹಂಗಾದ್ರೆ ನನ್ ಮಕ್ಕಳಲ್ಲೂ ಕಾಲು ಭಾಗ ಕೆಲಸಕ್ಕೆ ಬಾರದೇ ಇರೋದು ಇದಕ್ಕೇನಾ" ಅಂದ್ರು. ಸಸಿಗಳನ್ನ ಕಿತ್ತು ಎಸೆಯೋಕೆ ಅವರಿಗೆ ಮನಸ್ಸಿಲ್ಲ, ಮನೆ ಮುಂದಿನ ದಾರಿಗೆ ಸಾಲಾಗಿ ನೆಡ್ತಾರಂತೆ.

ಪುತ್ತೂರು ಅಡಿಕೆ
ಡೆಲಿಯಲ್ಲೂ ಹಾಗೇ ಶುರುವಾದದ್ದು. ಅವರಿಗೆ ಹೇಳಿಬಿಡಿ.

ಕೆರೆ ಏರಿ, ಚನ್ನಗಿರಿ
ಹೊಸಬ, ತಡವಾಗಿ ನೋಡಿದೆ. ನನ್ನದು ಮೂರು ವರ್ಷದ ತೋಟ, ಗಿಡ ಮೊದಲು ಬಲೀಲಿ ಅಂತ ಹೂ ಕೀಳ್ತಿದ್ದೆ, ಈಗಷ್ಟೇ ನಿಲ್ಲಿಸಿದ್ದೀನಿ. ಹೆಣ್ಣು ಹೊಂಬಾಳೆ ಬರ್ತಿದೆ, ಆದರೆ ಹುಳ ಒಂದೂ ಇಲ್ಲ, ಸುತ್ತಮುತ್ತ ಹಳೇ ತೋಟವೂ ಇಲ್ಲ. ಭದ್ರಾವತಿ ಅಣ್ಣ, ನಿಮ್ಮಲ್ಲಿ ಗಂಡು ಜಾಸ್ತಿ ಅಂದ್ರಲ್ಲ, ಹುಳ ಇರೋ ನಾಲ್ಕೈದು ಹೊಂಬಾಳೆ ಕುಯ್ಕೊಂಡು ಹೋಗ್ಲಾ?

ನಾಲೆ ಬದಿ, ಭದ್ರಾವತಿ
ಬನ್ನಿ, ಬೇಕಾದಷ್ಟಿವೆ. ಬೆಳಿಗ್ಗೆ ಬೇಗ ಬನ್ನಿ, ತೆಳುಬಟ್ಟೆ ಚೀಲ ತನ್ನಿ, ಪ್ಲಾಸ್ಟಿಕ್ ಬೇಡ, ಹುಳ ಬೆಂದು ಹೋಗ್ತವೆ. ಮಧ್ಯಾಹ್ನದ ಊಟ ನಮ್ಮಲ್ಲೇ. ಕಳ್ಳು ಮಾತ್ರ ಕೇಳಬೇಡಿ.